ಹಿಡಿದ ಕೈಯೂ ಕೇಳುವ ಕಿವಿಯೂ

ಜ್ಞಾನವು ಪ್ರಮಾಣವಾಗಿಯೇ ಹುಟ್ಟುತ್ತದೆಂದೂ, ಅದನ್ನು ಹುಟ್ಟಿಸಿದ ಕರಣದಲ್ಲಿ ದೋಷವಿದ್ದುದು ಗೊತ್ತಾದಾಗ ಅಥವಾ ಅದನ್ನು ಬಾಧಿಸುವ ಮತ್ತೊಂದು ಜ್ಞಾನವು ಉದಿಸಿದಾಗ ಮಾತ್ರವೇ ಅದನ್ನು ಅಪ್ರಮಾಣವೆಂದು ಬಿಡಬೇಕೆಂದೂ ನಮ್ಮ ಮೀಮಾಂಸಕರು ಬಹು ಹಿಂದೆಯೇ ನಿರ್ಣಯಿಸಿದರು. ಕಾಮಾಲೆಯ ಕಣ್ಣಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುವುದು ಕರಣದೋಷಕ್ಕೆ ಶಾಸ್ತ್ರಗ್ರಂಥಗಳು ಕೊಡುವ ಉದಾಹರಣೆ. ಅಲ್ಲಿ ಶಂಖದಲ್ಲಿ ಕುಂದಿಲ್ಲ, ನೋಡುವ ಪುರುಷನ ಇಚ್ಛೆಯಲ್ಲಿಯೂ ಕುಂದಿಲ್ಲ. ನಡುವೆ ನಿಂತ ಇಂದ್ರಿಯದಲ್ಲಿ ಕುಂದಿದೆ. ನಮ್ಮ ಕಾಲವು ಕಿವಿಗೆ ಮೈಕ್ರೊಫೋನು ಎಂಬ ಮತ್ತೊಂದು ಇಂದ್ರಿಯವನ್ನು ಜೋಡಿಸಿಕೊಂಡಿರುವುದರಿಂದ, ಆ ಹಳೆಯ ಪ್ರಶ್ನೆಯನ್ನು ಹೀಗೆ ಕೇಳಬೇಕಾಗಿ ಬಂದಿದೆ: ತಾನೇ ಕೈಯಲ್ಲಿ ಹಿಡಿದ ವಸ್ತುವಿನ ಮೂಲಕ ಕೇಳುವವನು, ತನ್ನ ಹಿಡಿತದ ಸದ್ದನ್ನು ಎದುರಿನವರ ಮಾತಿನೊಡನೆ ಬೆರೆಸದೆ, ಆ ಮಾತನ್ನು ಶುದ್ಧವಾಗಿ ಕೇಳಬಲ್ಲನೆ? ಬಲ್ಲನೆಂದಾದರೆ, ಅಷ್ಟರಿಂದಲೇ ಅವನು ಸಾಕ್ಷಿಯೆನಿಸಿಕೊಳ್ಳುವನೆ?

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವುಂಟು. ಹಂಪಿಯ ಕಲ್ಲಿನ ಚರಿತ್ರೆಯನ್ನು 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಇದೇ ನೆಲದಲ್ಲಿ ಕಲ್ಲಿಗೆ ಇಳಿಯದೆ, ಓಲೆಗೂ ಇಳಿಯದೆ, ಬಾಯಿಂದ ಬಾಯಿಗೆ ಮಾತ್ರ ಬಂದ ಚರಿತ್ರೆಯೂ ಇದೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಅಕ್ಷರ ಕಲಿತವರಲ್ಲ. ಅಲೆಮಾರಿಗಳಾದ ಬುಡ್ಗಜಂಗಮರ ಕುಲದಲ್ಲಿ ಹುಟ್ಟಿ, ಕುಮಾರರಾಮ, ಬಾಲನಾಗಮ್ಮ ಮೊದಲಾದ ಹನ್ನೆರಡು ಕಾವ್ಯಗಳನ್ನು ಕಂಠದಲ್ಲಿ ಧರಿಸಿದ್ದ ಅವರ ಬುರ್ರಕಥೆಗಳು ಬರೆದರೆ ಏಳು ಸಾವಿರ ಪುಟಗಳಷ್ಟಾಗುತ್ತವೆಂದು ಪತ್ರಿಕೆಗಳು ಬರೆದವು. 1991ರಲ್ಲಿ ಸ್ಥಾಪಿತವಾಗಿ, ತನ್ನ ಆವರಣಕ್ಕೆ ವಿದ್ಯಾರಣ್ಯರ ಹೆಸರನ್ನೇ ಇಟ್ಟುಕೊಂಡಿರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. 2014ರಲ್ಲಿ ಅವರು ತೀರಿಕೊಂಡರು. ಇಂಥವರು ಕಣ್ಮರೆಯಾದ ಮೇಲೆ ಉಳಿಯುವುದು ಶಿಷ್ಯರ ಕಂಠದಲ್ಲಿ ಉಳಿದಷ್ಟು ಮತ್ತು ಯಂತ್ರವು ಹಿಡಿದಷ್ಟು. ಯಂತ್ರವು ಹಿಡಿದುದರಲ್ಲಿ ಹಿಡಿದವನ ಕೈಯ ಗದ್ದಲವೇ ತುಂಬಿದ್ದರೆ, ಅದನ್ನು ಮುಂದೆ ತಿದ್ದಿಕೊಳ್ಳುವುದಕ್ಕೆ ಹಾಡಿದವರು ಇರುವುದಿಲ್ಲ. ಆದಕಾರಣ, ಹೊರನೋಟಕ್ಕೆ ಕೇವಲ ಉಪಕರಣದ ಮಾತಾಗಿ ತೋರುವ ಈ ವಿಚಾರವನ್ನು ಧರ್ಮದ ವಿಚಾರವೆಂದೇ ನಾನು ಎಣಿಸುತ್ತೇನೆ.

ಕಥೆ ಹೇಳುವವರು ಒಂದೆಡೆ ಕುಳಿತು ಹಾಡುವುದಾದರೆ ಮೈಕನ್ನು ಒಂದು ಸ್ಟ್ಯಾಂಡಿಗೆ ನಿಲ್ಲಿಸಿ ಸುಮ್ಮನಿರಬಹುದು. ಆದರೆ ಬುರ್ರಕಥೆಯಲ್ಲಿ ಕಥೆಗಾರರು ಆವೇಶ ಬಂದಾಗ ಮುಂದಕ್ಕೂ ಹಿಂದಕ್ಕೂ ಹೆಜ್ಜೆಯಿಡುತ್ತಾರೆ; ಮೇಳದವರ ಕಡೆಗೆ ತಿರುಗಿ ಪ್ರಶ್ನೆ ಹಾಕುತ್ತಾರೆ; ಕೇಳುತ್ತ ಕುಳಿತ ಹೆಂಗಸರಲ್ಲಿ ಒಬ್ಬರ ಮುಖ ನೋಡಿ ದನಿ ತಗ್ಗಿಸುತ್ತಾರೆ. ಅವರ ಬಾಯಿಯನ್ನು ಹಿಂಬಾಲಿಸಬೇಕಾದರೆ ಮೈಕನ್ನು ಉದ್ದವಾದ ಬೂಮ್ ಕೋಲಿನ ತುದಿಗೆ ಸಿಕ್ಕಿಸಿ, ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲಬೇಕು. ಹೀಗೆ ನಿಂತವನ ತೋಳು ಸ್ವಲ್ಪ ಹೊತ್ತಿನಲ್ಲಿಯೇ ಸೋಲತೊಡಗುತ್ತದೆ. ಬೆವರಿದ ಬೆರಳು ಜಾರುತ್ತದೆ. ಜಾರಿದುದನ್ನು ಮತ್ತೆ ಬಿಗಿಹಿಡಿಯುತ್ತಾನೆ. ಪಕ್ಕದಲ್ಲಿ ನಿಂತವರಿಗೆ ಈ ಚಲನೆಯ ಸದ್ದು ಕೇಳಿಸದು. ಆದರೆ ಘನವಸ್ತುವಿನಲ್ಲಿ ಕಂಪನವು ನಿರಾತಂಕವಾಗಿ ಹರಿಯುವುದರಿಂದ, ಬೆರಳಿನ ಆ ಸಣ್ಣ ಉಜ್ಜಾಟವು ಕೋಲಿನ ಗೋಡೆಯನ್ನು ಹಿಡಿದು ಮೈಕಿನ ಒಡಲನ್ನು ಮುಟ್ಟಿ, ಅಲ್ಲಿ ಮಾತಿಗಿಂತ ದೊಡ್ಡ ಸದ್ದಾಗಿ ಪರಿಣಮಿಸುತ್ತದೆ. ಕಂಪ್ಲಿಯ ಕಡೆಯ ಒಂದು ಅಂಗಳದಲ್ಲಿ ಇಂಥ ಧ್ವನಿಮುದ್ರಣವು ನಡೆಯುತ್ತಿದ್ದಾಗ ಹೆಡ್‌ಫೋನನ್ನು ಕಿವಿಗೆ ಇಟ್ಟುಕೊಂಡು ಕೇಳಿದ್ದೇನೆ. ಮುದುಕಿಯ ಕಂಠವು ಎಳೆಯೆಳೆಯಾಗಿ ಬರುತ್ತಿದ್ದಂತೆಯೇ ಅದರ ಅಡಿಯಲ್ಲಿ ಗುಡುಗಿನಂಥ ಗುರುಗುರು. ನಡುನಡುವೆ ಟಿಕ್ಕೆಂಬ ಒಂದು ಹರಿತವಾದ ಸದ್ದು. ಗುರುಗುರು ಎಂಬುದು ಕೋಲು ಹಿಡಿದ ಹುಡುಗನ ಅಂಗೈ. ಟಿಕ್ಕೆಂದದ್ದು ಅವನ ಉಂಗುರ. ಮೈಕು ಕೋಲಿಗೆ ಒಂದು ಗಟ್ಟಿಯಾದ ಪ್ಲಾಸ್ಟಿಕ್ ಹಿಡಿಯಿಂದ ನೇರವಾಗಿ ಬಿಗಿಯಲ್ಪಟ್ಟಿತ್ತು. ಆ ಹುಡುಗನ ಭಕ್ತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅವನು ಉಸಿರು ಬಿಗಿಹಿಡಿದು ನಿಂತಿದ್ದನು. ಎಷ್ಟು ಶ್ರದ್ಧೆಯಿಂದ ಬಿಗಿಹಿಡಿದನೋ ಅಷ್ಟೂ ಅವನ ಕೈಯೇ ಮುದ್ರಣದಲ್ಲಿ ಕೇಳುತ್ತಿತ್ತು.

ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ಇಲ್ಲಿ ನೆನೆಯಬಹುದು. ಒಂದೇ ಕಲ್ಲಿನಿಂದ ಕಡೆದ ಆ ಸಣ್ಣ ಕಂಬಗಳು ಮೇಲೂ ಕೆಳಗೂ ಗಟ್ಟಿಯಾಗಿ ಹಿಡಿಯಲ್ಪಟ್ಟಿರುವುದರಿಂದಲೇ, ಬೆರಳು ತಾಕಿದರೆ ಸಾಕು, ಸ್ವರವಾಗಿ ಅನುರಣಿಸುತ್ತವೆ. ಈಗ ಅವನ್ನು ಬಡಿಯುವುದು ನಿಷಿದ್ಧ. ಅದು ಯುಕ್ತವೂ ಹೌದು. ಕಲ್ಲಿನಲ್ಲಿ ಸ್ಪರ್ಶವು ಸ್ವರವಾಗುವುದು ಶಿಲ್ಪಿಯ ಸಿದ್ಧಿ. ಕೋಲಿನಲ್ಲಿ ಸ್ಪರ್ಶವು ಸ್ವರವಾಗುವುದು ಕೇಳುವವನ ಕೇಡು. ಎರಡಕ್ಕೂ ಮೂಲವಾದುದು ಒಂದೇ ಭೌತಿಕ ನಿಯಮ.

ಈ ಕೇಡಿಗೆ ಪರಿಹಾರವಾಗಿ ಬಂದುದೇ ಶಾಕ್ ಮೌಂಟ್ ಎಂದು ಕೆಲಸದವರು ಕರೆಯುವ ತೂಗುವ ಹಿಡಿ. ತೊಲೆಗೆ ಹಗ್ಗ ಕಟ್ಟಿ ತೊಟ್ಟಿಲನ್ನು ಇಳಿಬಿಟ್ಟಂತೆ, ಮೈಕನ್ನು ಕೋಲಿಗೆ ನೇರವಾಗಿ ಬಿಗಿಯದೆ ನಡುವೆ ರಬ್ಬರಿನ ಅಥವಾ ಬಾಗುವ ಪ್ಲಾಸ್ಟಿಕಿನ ಆಧಾರವನ್ನಿಟ್ಟು ತೂಗಬಿಡುತ್ತಾರೆ. ಕೋಲು ನಡುಗಿದರೂ ಮೈಕು ತನ್ನ ಜಡತ್ವದಿಂದ ಇದ್ದಲ್ಲಿಯೇ ಇರಲೆಂಬುದು ಇದರ ತತ್ತ್ವ. ಮೆತ್ತಗಿದ್ದರೆ ಸಾಕೆಂದು ಸಿಕ್ಕಿದ ಹಿಡಿಯನ್ನು ಕೊಂಡುಬಿಡುವವರುಂಟು. ಆದರೆ ಇದರ ಆಯ್ಕೆ ಅಷ್ಟು ಸುಲಭವಲ್ಲ. ತೂಗಿದ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಕಂಪನವೊಂದಿರುತ್ತದೆ. ಸರಳವಾದ ಸ್ಪ್ರಿಂಗಿನ ಲೆಕ್ಕದಲ್ಲಿ, ಮೈಕು ತನ್ನ ತೂಕದಿಂದ 1 ಮಿಲಿಮೀಟರು ಜಗ್ಗಿದರೆ ಅದರ ಸಹಜ ಕಂಪನವು ಸೆಕೆಂಡಿಗೆ ಸುಮಾರು 16 ಬಾರಿ; 4 ಮಿಲಿಮೀಟರು ಜಗ್ಗಿದರೆ ಸುಮಾರು 8 ಬಾರಿ. ಈ ಸಂಖ್ಯೆಯ 1.4ರಷ್ಟನ್ನು ಮೀರಿದ ಕಂಪನಗಳನ್ನು ಮಾತ್ರ ಹಿಡಿಯು ತಡೆಯಬಲ್ಲದು. ಅದಕ್ಕಿಂತ ಬಹಳ ನಿಧಾನವಾದುವನ್ನು ಇದ್ದಂತೆಯೇ ಸಾಗಿಸುತ್ತದೆ. ತನ್ನ ಸಹಜ ಕಂಪನಕ್ಕೆ ಸಮೀಪವಾದುವನ್ನಾದರೋ ಇಮ್ಮಡಿ ಮುಮ್ಮಡಿಯಾಗಿ ಬೆಳೆಸುತ್ತದೆ. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ 20ರಿಂದ ಮೇಲಿನ ಕಂಪನಗಳಾದ್ದರಿಂದ, ಸಹಜ ಕಂಪನವು ಅದಕ್ಕಿಂತ ಚೆನ್ನಾಗಿ ಕೆಳಗೆ ಇರುವಂತೆ ಹಿಡಿಯನ್ನು ಆರಿಸಬೇಕು.

ಇದರರ್ಥ, ಹಿಡಿಯ ಮೃದುತ್ವವನ್ನು ಮೈಕಿನ ತೂಕದೊಡನೆ ಹೋಲಿಸಿಯೇ ನಿರ್ಣಯಿಸಬೇಕು. ಭಾರವಾದ ಮೈಕಿಗಾಗಿ ಮಾಡಿದ ಗಡುಸಾದ ಹಿಡಿಯಲ್ಲಿ ಹಗುರವಾದ ಮೈಕನ್ನಿಟ್ಟರೆ ಅದು ಜಗ್ಗುವುದೇ ಇಲ್ಲ; ಕೋಲಿಗೆ ಬಿಗಿದಂತೆಯೇ ಆಗುತ್ತದೆ. ಹಗುರವಾದುದಕ್ಕೆ ಮಾಡಿದ ಮೃದುವಾದ ಹಿಡಿಯಲ್ಲಿ ಭಾರವಾದುದನ್ನಿಟ್ಟರೆ ಅದು ಪೂರ್ತಿ ಕುಸಿದು, ಕೋಲು ತಿರುಗಿದಾಗಲೆಲ್ಲ ಚೌಕಟ್ಟಿಗೆ ಬಡಿಯುತ್ತದೆ. ಹಳೆಯ ರಬ್ಬರ್ ಬ್ಯಾಂಡಿನ ಹಿಡಿಗಳು ಹೊಸತರಲ್ಲಿ ಚೆನ್ನಾಗಿರುತ್ತವೆ. ಹೊಸಪೇಟೆಯ ಬೇಸಗೆಯಲ್ಲಿ ಕಾದ ವಾಹನದೊಳಗೆ ಬಿಟ್ಟರೆ ರಬ್ಬರು ಸಡಿಲವಾಗಿ ಸೀಳುಬಿಡುತ್ತದೆ. ಇಂಗ್ಲೆಂಡಿನ ರೈಕೋಟ್ ಕಂಪನಿಯವರು ಲೈರ್ ಎಂಬ ಹೆಸರಿನಲ್ಲಿ, ಬಾಗಿಸಿದ ಗಟ್ಟಿ ಪ್ಲಾಸ್ಟಿಕಿನ ತೋಳುಗಳಿಂದ ಮಾಡಿ, ಬೇರೆಬೇರೆ ತೂಕಕ್ಕೆ ಬೇರೆಬೇರೆ ಗಡುಸಿನಲ್ಲಿ ಮಾರುವ ಹಿಡಿಗೆ ಈ ಬಾಧೆ ಕಡಮೆ; ಅದು ಮೈಕಿನ ಉದ್ದದ ದಿಕ್ಕಿನಲ್ಲಿ ಸಲೀಸಾಗಿ ಆಡುತ್ತದೆ, ಅಡ್ಡಲಾಗಿ ಜೋಲುವುದಿಲ್ಲ. ಮೈಕಿನ ಒಳತಟ್ಟೆಯು ಆ ಉದ್ದದ ದಿಕ್ಕಿನ ಅಲುಗಾಟಕ್ಕೇ ಹೆಚ್ಚಾಗಿ ಸ್ಪಂದಿಸುವುದಾದ್ದರಿಂದ ಈ ಏರ್ಪಾಡು ವಿವೇಕದ್ದೆಂದು ನನಗೆ ತೋರುತ್ತದೆ. ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಕೇಳುವ ಮೈಕಿಗೆ ಕೈಸದ್ದಿನ ಬಾಧೆ ಸ್ವಭಾವತಃ ಕಡಮೆ. ಒಂದೇ ದಿಕ್ಕಿಗೆ ಕಿವಿಗೊಡುವ ಮೈಕಿಗೆ ಅದು ಹೆಚ್ಚು.

ಇಷ್ಟೆಲ್ಲವನ್ನೂ ಸರಿಯಾಗಿ ಮಾಡಿದ ಮೇಲೆಯೂ ಬಹುಮಂದಿ ಸೋಲುವುದು ತಂತಿಯಲ್ಲಿ. ಮೈಕು ಅಷ್ಟು ನಿಸ್ಸಂಗವಾಗಿ ತೂಗುತ್ತಿರುತ್ತದೆ. ಆದರೆ ಅದರ ಬಾಲದಿಂದ ಹೊರಟ ಕೇಬಲ್ಲು ದಪ್ಪವಾಗಿ, ಸೆಟೆದುಕೊಂಡು ಕೋಲಿಗೆ ಬಿಗಿಯಲ್ಪಟ್ಟಿರುತ್ತದೆ. ಕೈಯ ಕಂಪನವು ಹಿಡಿಯ ಮೂಲಕ ಹೋಗಲಾರದೆ ಕೇಬಲ್ಲಿನ ಮೂಲಕ ಹೋಗುತ್ತದೆ. ಹಿಡಿಯ ಬಳಿ ತೆಳುವಾದ ಮೆತ್ತನೆಯ ಕೇಬಲ್ಲನ್ನು ಸಡಿಲವಾದ ಒಂದು ಸುತ್ತು ಬಿಟ್ಟು, ಆಮೇಲೆ ಕೋಲಿಗೆ ಕಟ್ಟಬೇಕು. ವಿರಕ್ತರ ಜೀವನವನ್ನು ಬಲ್ಲವರಿಗೆ ಇದು ಪರಿಚಿತವಾದ ಸಂಗತಿಯೇ: ಮನೆ, ಮಠ, ಮಾನಗಳನ್ನೆಲ್ಲ ಬಿಟ್ಟವನೊಳಗೂ, ತಾನು ಬಿಟ್ಟವನೆಂಬ ಒಂದು ಬಿಗಿಯಾದ ಎಳೆ ಉಳಿದು, ಬಿಟ್ಟುದೆಲ್ಲವೂ ಆ ಎಳೆಯನ್ನು ಹಿಡಿದು ಮರಳಿ ಬರುವುದುಂಟು.

ಇಲ್ಲಿಗೆ ಕರಣದೋಷದ ಮಾತಾಯಿತು. ಇನ್ನು ಸಾಕ್ಷಿಯ ಮಾತು. ಹೀಗೆ ತೂಗಬಿಟ್ಟ ಮೈಕು ಹಿಡಿದವನ ಕೈಯಿಂದ ಬಿಡಿಸಿಕೊಂಡಿದೆ. ಅದಕ್ಕೆ ರಾಗವಿಲ್ಲ, ದ್ವೇಷವಿಲ್ಲ, ನಿದ್ರೆಯಿಲ್ಲ. ಆದ್ದರಿಂದ ಅದೇ ನಿಜವಾದ ಸಾಕ್ಷಿ, ಅದು ಹಿಡಿದುದೇ ನಡೆದುದು ಎಂಬ ಭಾವನೆ ವಿದ್ವಾಂಸರಲ್ಲಿಯೂ ಬಲವಾಗಿದೆ. ಇದನ್ನು ಒಪ್ಪುವುದಕ್ಕೆ ಮೊದಲು ಹಂಪಿಯ ಇಬ್ಬರು ಆಚಾರ್ಯರನ್ನು ಕೇಳಬೇಕು.

ವಿರೂಪಾಕ್ಷ ದೇವಾಲಯದ ಸನಿಹದಲ್ಲಿ ಇಂದಿಗೂ ವಿದ್ಯಾರಣ್ಯರ ಹೆಸರಿನ ಮಠವಿದೆ. ಅವರ ಹೆಸರಿನಲ್ಲಿ ಪ್ರಸಿದ್ಧವಾದ ಪಂಚದಶಿಯ ಹತ್ತನೆಯ ಪ್ರಕರಣಕ್ಕೆ ನಾಟಕದೀಪವೆಂದು ಹೆಸರು. ನೃತ್ಯಶಾಲೆಯಲ್ಲಿ ಹಚ್ಚಿಟ್ಟ ದೀಪವು ಪ್ರಭುವನ್ನೂ ಸಭ್ಯರನ್ನೂ ನರ್ತಕಿಯನ್ನೂ ಒಂದೇ ಸಮನಾಗಿ ಬೆಳಗುತ್ತದೆ. ಅವರೆಲ್ಲರೂ ಎದ್ದುಹೋದ ಮೇಲೆಯೂ ತಾನು ಬೆಳಗುತ್ತಲೇ ಇರುತ್ತದೆ. ಸಾಕ್ಷಿಯು ಅಂಥದು ಎಂಬುದು ಅಲ್ಲಿಯ ಉಪಮೆ. ದೀಪದ ಮಾತನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಶಾಲೆಯಲ್ಲಿ ಉಳಿದವರು ಎಲ್ಲೆಲ್ಲಿ ಕುಳಿತಿದ್ದಾರೆಂಬುದನ್ನು ಗಮನಿಸುವವರು ಕಡಮೆ. ಅಹಂಕಾರವು ಪ್ರಭುವಿನ ಪೀಠದಲ್ಲಿದೆ, ವಿಷಯಗಳು ಸಭ್ಯರು, ಬುದ್ಧಿ ನರ್ತಕಿ, ಇಂದ್ರಿಯಗಳಾದರೋ ತಾಳ ಮೊದಲಾದುವನ್ನು ಹಿಡಿದು ನರ್ತಕಿಗೆ ಅನುಕೂಲವಾಗಿ ನುಡಿಸುವ ಹಿಮ್ಮೇಳದವರು. ಮೈಕ್ರೊಫೋನು ನಾವು ಜೋಡಿಸಿಕೊಂಡ ಇಂದ್ರಿಯವಾದ್ದರಿಂದ, ಎಷ್ಟು ನಾಜೂಕಾಗಿ ತೂಗಿದ್ದರೂ ಅದರ ಜಾಗವು ಹಿಮ್ಮೇಳದಲ್ಲಿಯೇ. ಅದನ್ನು ದೀಪದ ಕಂಬದ ಮೇಲೆ ಏರಿಸಿದವರು ಕರಣವನ್ನೇ ಸಾಕ್ಷಿಯೆಂದು ಭ್ರಮಿಸಿದವರಾಗುತ್ತಾರೆ.

ಅದ್ವೈತವನ್ನು ಒಪ್ಪದವರಿಗೂ ಇಲ್ಲಿ ಬೇರೆಯ ದಾರಿಯಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದು ನ್ಯಾಯಾಮೃತ, ತರ್ಕತಾಂಡವಗಳನ್ನು ರಚಿಸಿದ, ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ನೆಲೆಸಿರುವ ವ್ಯಾಸತೀರ್ಥರ (1460–1539) ಸಂಪ್ರದಾಯದಲ್ಲಿ, ಸಾಕ್ಷಿಯೆಂದರೆ ಜೀವನ ಸ್ವರೂಪವೇ ಆದ ಇಂದ್ರಿಯ. ಮನಸ್ಸು ತಪ್ಪಬಹುದು, ಕಣ್ಣುಕಿವಿಗಳು ತಪ್ಪಬಹುದು. ಸುಖದುಃಖಗಳನ್ನು ನೇರವಾಗಿ ಅರಿಯುವ, ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವ ಸಾಕ್ಷಿ ತಪ್ಪದು. ಸಂದೇಹ ಬಂದಲ್ಲಿ ಪರೀಕ್ಷೆಯಿಂದ ಅದನ್ನು ಕಳೆದ ಮೇಲೆ ಸಾಕ್ಷಿಯೇ ನಿರ್ಣಯಿಸಬೇಕು. ಇದರಂತೆ ನೋಡಿದರೂ ಸಾಕ್ಷಿಯು ಕೇಳುವ ಚೇತನನೊಳಗಿದೆ. ಕೋಲಿನ ತುದಿಯಲ್ಲಿ ತೂಗುವ ಲೋಹದ ನಳಿಗೆಯಲ್ಲಿ ಇಲ್ಲ. ಸಾಕ್ಷಿಯ ಸ್ವರೂಪದ ವಿಷಯದಲ್ಲಿ ಈ ಎರಡು ದರ್ಶನಗಳು ನೂರಾರು ವರ್ಷ ವಾದಿಸಿವೆ. ಆದರೂ ಉಪಕರಣವು ಸಾಕ್ಷಿಯಲ್ಲವೆಂಬಲ್ಲಿ ಎರಡೂ ಒಂದೇ ಕಡೆ ನಿಲ್ಲುತ್ತವೆ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಈರಮ್ಮನವರು ಹಾಡುತ್ತಿದ್ದ ಕುಮಾರರಾಮನ ಕಥೆಯೇ ನಿದರ್ಶನ. ದಿಲ್ಲಿಯ ಸೈನ್ಯಕ್ಕೆ ಸಿಕ್ಕಿ 1327ರ ಸುಮಾರಿನಲ್ಲಿ ಅಳಿದ ಕಂಪಿಲ ರಾಜ್ಯದ ಈ ಕಥೆಯನ್ನು ನಂಜುಂಡ ಕವಿಯೂ ಕಾವ್ಯವಾಗಿ ಬರೆದನು. ಚೆಂಡಾಟದಲ್ಲಿ ಚೆಂಡು ಹಾರಿ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ಅವನು ನಿರಾಕರಿಸಲು, ಅವನೇ ತನ್ನ ಮೇಲೆ ಕೈಮಾಡಿದನೆಂದು ಕಂಪಿಲರಾಯನಲ್ಲಿ ದೂರುತ್ತಾಳೆ. ರಾಯನ ಕಿವಿಯಲ್ಲಿ ದೋಷವಿರಲಿಲ್ಲ. ರಾಣಿಯಾಡಿದ ಪ್ರತಿಯೊಂದು ಮಾತೂ ಅವನಿಗೆ ಸ್ಪಷ್ಟವಾಗಿ, ಯಾವ ಕೈಸದ್ದೂ ಇಲ್ಲದೆ ಕೇಳಿಸಿತು. ಕೇಳಿದೊಡನೆ ಮಗನ ತಲೆಯನ್ನು ತರಿಸಲು ಆಜ್ಞಾಪಿಸಿದನು. ದೋಷವಿದ್ದುದು ನುಡಿದವಳಲ್ಲಿ, ಮತ್ತು ಒಂದೇ ದಿಕ್ಕಿಗೆ ಕಿವಿಗೊಟ್ಟ ಕೇಳುಗನಲ್ಲಿ. ಮಂತ್ರಿ ಬೈಚಪ್ಪನು ಅದೇ ಮಾತನ್ನು ಕೇಳಿ, ರಾಮನ ನಡತೆಯನ್ನು ಬಲ್ಲವನಾದ್ದರಿಂದ ಅದನ್ನು ನಂಬದೆ, ಬೇರೊಂದು ತಲೆಯನ್ನು ಒಪ್ಪಿಸಿ ಕುಮಾರನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಕಾಪಾಡಿದನು. ಕರಣಶುದ್ಧಿ ಇಬ್ಬರಲ್ಲಿಯೂ ಸಮಾನ. ಪರೀಕ್ಷೆ ಮಾಡಿದವನು ಒಬ್ಬನೇ.

ಮೈಕಿನ ಹಿಡಿಯು ಕೋಲು ಹಿಡಿದವನ ಕೈಯ ನಡುಕವನ್ನು ಕಳೆಯುತ್ತದೆ. ಅವನು ಕೋಲನ್ನು ಯಾರ ಕಡೆಗೆ ತಿರುಗಿಸಿದನೆಂಬುದನ್ನು ಕಳೆಯಲಾರದು. ಒಂದೇ ದಿಕ್ಕಿಗೆ ಕೇಳುವ ಮೈಕನ್ನು ಮುಖ್ಯ ಕಥೆಗಾರರ ಬಾಯಿಗೆ ಹಿಡಿದರೆ, ಪಕ್ಕದಲ್ಲಿ ಹೂಂಗುಟ್ಟುತ್ತ, ಪಲ್ಲವಿಯನ್ನು ಎತ್ತಿಕೊಡುತ್ತ ಹಾಡುವ ಮೇಳದವರು ದೂರವಾಗುತ್ತಾರೆ; ನೂರು ವರ್ಷಗಳ ಮೇಲೆ ಕೇಳುವವನು ಇದು ಒಬ್ಬರೇ ಹೇಳಿದ ಕಥೆಯೆಂದು ತಿಳಿಯುತ್ತಾನೆ. ಗುರುಗುರು ಸದ್ದನ್ನು ಕಳೆಯಲು ಸೆಕೆಂಡಿಗೆ 80ಕ್ಕೆ ಕೆಳಗಿನ ಕಂಪನಗಳನ್ನೆಲ್ಲ ಸೋಸಿಬಿಟ್ಟರೆ, ಅದರೊಡನೆ ಚರ್ಮವಾದ್ಯದ ತಳದ ಗಾಂಭೀರ್ಯವೂ ಹೋಗುತ್ತದೆ. ಸಂಡೂರಿನ ಕಡೆ ಅದಿರಿನ ಲಾರಿ ಹಾದುಹೋಗುವಾಗ ಆ ಸದ್ದು ಗಾಳಿಯಲ್ಲಿಯೇ ಬರುವುದರಿಂದ ಹಿಡಿಗೆ ಅದರ ಮೇಲೆ ಯಾವ ಅಧಿಕಾರವೂ ಇಲ್ಲ. ಲಾರಿ ದಾಟುವ ತನಕ ಕಥೆಯನ್ನು ನಿಲ್ಲಿಸೆಂದು ಹೇಳುವುದೋ, ಲಾರಿಯೊಡನೆಯೇ ಕಥೆಯನ್ನು ಹಿಡಿಯುವುದೋ ಎಂಬುದನ್ನು ಮನುಷ್ಯನೇ ನಿರ್ಧರಿಸಬೇಕು. ನನ್ನ ಮತವನ್ನು ಕೇಳಿದರೆ, ನಿಲ್ಲಿಸಬಾರದು. ಗಣಿಯ ನಾಡಿನಲ್ಲಿ ಹೇಳಿದ ಕಥೆಗೆ ಗಣಿಯ ಸದ್ದು ಕರಣದೋಷವಲ್ಲ. ಅದು ಕಥೆ ನಡೆದ ಸ್ಥಳದ ಸತ್ಯ. ಕೋಲು ಹಿಡಿದವನ ಹೆಬ್ಬೆರಳಾದರೋ ಆ ಸ್ಥಳಕ್ಕೂ ಸೇರಿದುದಲ್ಲ, ಕಥೆಗೂ ಸೇರಿದುದಲ್ಲ.

ತುಳುನಾಡಿನ ಗೋಪಾಲ ನಾಯ್ಕರ ಬಾಯಿಂದ 1990ರ ಡಿಸೆಂಬರಿನಲ್ಲಿ 15,683 ಸಾಲುಗಳ ಸಿರಿ ಕಾವ್ಯವನ್ನು ಧ್ವನಿಮುದ್ರಿಸಿಕೊಂಡ ಫಿನ್ಲೆಂಡಿನ ಲೌರಿ ಹೊಂಕೊ ಅವರೂ, ಅವರೊಡನೆ ದುಡಿದ, ಮುಂದೆ ಹಂಪಿಯ ವಿಶ್ವವಿದ್ಯಾಲಯದ ಕುಲಪತಿಗಳಾದ ವಿವೇಕ ರೈಯವರೂ, ಚಿನ್ನಪ್ಪ ಗೌಡರೂ ಅನುಸರಿಸಿದ ಕ್ರಮದಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ತೋರುವುದು ಇದು: ಆ ಕಾವ್ಯವು ಯಾವ ಸಂದರ್ಭದಲ್ಲಿ, ಯಾರ ಕೋರಿಕೆಯ ಮೇರೆಗೆ, ಹೇಗೆ ಮುದ್ರಿತವಾಯಿತೆಂಬುದನ್ನು ಅವರು ಮರೆಮಾಚದೆ ಗ್ರಂಥದ ವಿಷಯವನ್ನಾಗಿಯೇ ಮಾಡಿದರು. ವೇದವನ್ನು ಅಪೌರುಷೇಯವೆಂದು ಕರೆದ ಮೀಮಾಂಸಕರು, ಪುರುಷನಿಲ್ಲದಲ್ಲಿ ಪುರುಷದೋಷಕ್ಕೆ ಎಡೆಯಿಲ್ಲವೆಂದು ವಾದಿಸಿದರು. ಧ್ವನಿಮುದ್ರಿಕೆಗೆ ಆ ಹಿರಿಮೆ ಎಂದಿಗೂ ಸಲ್ಲದು. ಅಲ್ಲಿ ಒಬ್ಬ ಪುರುಷನು ನಿಂತೇ ಇದ್ದನು. ಅವನ ಕಂಪನವನ್ನು ತೆಗೆಯುವುದು ವಿಹಿತ, ಅವನನ್ನೇ ಅಳಿಸಿಬಿಡುವುದು ಅಸತ್ಯ.

ದರೋಜಿಗೆ, ಕಂಪ್ಲಿಗೆ, ಸಂಡೂರಿನ ಹಳ್ಳಿಗಳಿಗೆ ಮೈಕು ಹಿಡಿದು ಹೋಗುವ ತರುಣರಲ್ಲಿ ನನ್ನ ಬಿನ್ನಹವಿಷ್ಟೆ. ಮೈಕನ್ನು ಅದಕ್ಕೆ ತೊಡಿಸುವ ಗಾಳಿಗವಸಿನೊಡನೆ ತೂಗಿ ನೋಡಿ, ಆ ತೂಕಕ್ಕೆ ಹೊಂದುವ ಹಿಡಿಯನ್ನೇ ಕೊಳ್ಳಿ. ಕೇಬಲ್ಲಿಗೆ ಸಡಿಲವಾದ ಒಂದು ಸುತ್ತು ಬಿಡಿ. ಉಂಗುರವನ್ನೂ ಕೈಗಡಿಯಾರವನ್ನೂ ತೆಗೆದಿಡಿ. ಸೋಸದೆ ಇದ್ದ ಮೂಲಪ್ರತಿಯನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಕೋಲು ಹಿಡಿದವರು ಯಾರು, ಎಲ್ಲಿ ನಿಂತಿದ್ದರು, ಮೈಕು ಯಾರ ಕಡೆಗಿತ್ತು ಎಂಬುದನ್ನು ಅದರ ಜೊತೆಯಲ್ಲಿ ಬರೆದಿಡಿ. ಒಂದು ಪ್ರತಿಯನ್ನು ಹಾಡಿದವರ ಮನೆಗೆ ಮೊದಲು ತಲುಪಿಸಿ, ಅವರ ಮುಂದೆ ಕುಳಿತು ಪೂರ್ತಿಯಾಗಿ ಕೇಳಿಸಿ; ಇದು ನಾನು ಹೇಳಿದ್ದು ಹೌದು, ಇದು ಅಲ್ಲ ಎಂದು ಬಾಧಿಸುವ ಅಧಿಕಾರವು ಮೊದಲು ಅವರಿಗೆ ಸೇರಿದುದು.